ಹೋರಿ ಮೊಂಡು ಬಿದ್ದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ

ಹೋದ ವಾರ ಕೂಡ್ಲಿಗಿ ಕಡೆಯ ರೈತರೊಬ್ಬರು ಫೋನ್ ಮಾಡಿದ್ರು. ‘ಎರಡು ಹಲ್ಲಿನ ಹೋರಿ ಜೋಡಿ ತಂದೀನ್ರಿ. ಮೊದಲು ಹದಿನೈದು ದಿನ ಚೆಂದ ಬಂಡಿ ಎಳದ್ವು. ಈಗ ಒಂದು ಹೋರಿ ನೊಗ ಕಂಡ್ರೆ ಮಲಗಿಬಿಡ್ತೈತಿ. ಜಾತ್ರಿ ಹತ್ರ ಬಂತು, ಏನ್ ಮಾಡ್ಲಿ?’ ಅಂತ ಕೇಳಿದ್ರು. ‘ಈ ವರ್ಷದ ಜಾತ್ರೆ ಬಿಟ್ಟುಬಿಡಿ’ ಅಂದೆ. ಅವರಿಗೆ ಬೇಜಾರಾಯ್ತು. ನಾನು ಹಾಗೆ ಯಾಕೆ ಹೇಳಿದೆ ಅನ್ನೋದೇ ಈ ವಾರದ ಬರಹ. ಅದೇ ತಪ್ಪಿಗೆ ನಮ್ಮ ಮನೆಯಲ್ಲಿ ಅಪ್ಪ ಕೈ ಮುರಿದುಕೊಂಡಿದ್ದಾರೆ.

ನಮ್ಮ ಭಾಗದಲ್ಲಿ ಭರತ ಹುಣ್ಣಿಮೆಯಿಂದ ಶಿವರಾತ್ರಿವರೆಗೆ ಜಾತ್ರೆಗಳದೇ ಸಾಲು. ಮೈಲಾರದ ಕಾರ್ಣಿಕ, ಕೊಟ್ಟೂರೇಶ್ವರನ ತೇರು, ಆಮೇಲೆ ಕುರುವತ್ತಿ ಬಸವೇಶ್ವರ. ಟ್ರ್ಯಾಕ್ಟರ್ ಎಷ್ಟೇ ಬಂದರೂ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯವರು ಬಂಡಿ ಕಟ್ಟಿಕೊಂಡು ಹೋಗುವುದನ್ನು ಬಿಟ್ಟಿಲ್ಲ. ಹೋರಿ ಸಾಕಿದವನಿಗೆ ಅಲ್ಲಿ ತನ್ನ ಜೋಡಿ ನಿಲ್ಲಿಸಿ ನಾಲ್ಕು ಜನ ನೋಡಬೇಕು ಅನ್ನೋ ಆಸೆ ಇರ್ತದೆ. ನನಗೂ ಇತ್ತು.

ನಾನು ಎಡವಿದ ಜಾಗ

ನಾನು ತೋಟಗಾರಿಕೆ ಓದಿದವನು. ಗಿಡದ ರೋಗ ಗೊತ್ತಿತ್ತು, ಹೋರಿ ಗೊತ್ತಿರಲಿಲ್ಲ. ಸಾವಯವ ಹೊಲದ ಎಡೆಕುಂಟೆ ಕೆಲಸಕ್ಕೆ ಅಂತ ಎರಡು ಹಲ್ಲಿನ ಎರಡು ಕಿಲಾರಿ ಹೋರಿಗಳನ್ನು ಬೇರೆ ಬೇರೆ ಮನೆಯಿಂದ ತಂದು ಜೋಡಿ ಮಾಡಿದೆ. ಒಂದಕ್ಕೆ ಬಸವ, ಇನ್ನೊಂದಕ್ಕೆ ಮೈಲಾರಿ ಅಂತ ಹೆಸರಿಟ್ಟೆವು. ತಂದಿದ್ದು ದೀಪಾವಳಿ ಹೊತ್ತಿಗೆ, ಕುರುವತ್ತಿ ಜಾತ್ರೆ ಶಿವರಾತ್ರಿಗೆ. ಮೂರು ತಿಂಗಳ ಮೇಲೆ ಸಮಯ ಇದೆಯಲ್ಲ, ಸಾಕು ಅಂದುಕೊಂಡೆ.

ಬಸವ ಬೇಗ ಕಲಿತ. ಮೈಲಾರಿ ಕೂಡ ಮೊದಲು ಚೆನ್ನಾಗೇ ನಡೆದ. ಮೂರನೇ ವಾರಕ್ಕೆ ನೊಗ ಎತ್ತಿದರೆ ಕತ್ತು ತಗ್ಗಿಸಿ ಹಿಂದೆ ಸರಿಯೋಕೆ ಶುರು ಮಾಡಿದ. ಆಮೇಲೆ ಮಲಗಿಯೇ ಬಿಟ್ಟ. ನಾನು ಬಾರುಕೋಲು ಬೀಸಿದೆ, ಬಾಲ ತಿರುವಿದೆ. ಎದ್ದು ನಾಲ್ಕು ಹೆಜ್ಜೆ ಹೋಗಿ ಮತ್ತೆ ಮಲಗಿದ. ‘ಮೊಂಡ ಹೋರಿ ಕೊಟ್ಟು ಮೋಸ ಮಾಡಿದ್ರು’ ಅಂತ ಮಾರಿದವರನ್ನು ಬೈದೆ.

ನಮ್ಮ ಓಣಿಯ ಹಿರಿಯರೊಬ್ಬರು ನೋಡಿಕೊಂಡು ಬಂದು ಹೋರಿಯ ಹೆಗಲ ಮೇಲೆ ಅಂಗೈ ಇಟ್ಟರು. ಮೈಲಾರಿ ಚರ್ಮ ನಡುಗಿಸಿದ. ‘ತಮ್ಮಾ, ಇಲ್ಲಿ ಮುಟ್ಟಿ ನೋಡು, ಕಾದ ಹಂಚು ಆದಂಗ ಆಗೇತಿ. ನಿನ್ ಹೆಗಲಾಗ ಹುಣ್ಣಾದ್ರ ನೀನು ಮೂಟೆ ಹೊರ್ತಿಯೇನು?’ ಅಂದರು. ಕೂದಲ ಕೆಳಗೆ ಬಾವು ಬಂದಿತ್ತು. ನಾನು ದಿನಾ ಮೇಲಿನಿಂದ ನೋಡುತ್ತಿದ್ದೆ, ಮುಟ್ಟಿ ನೋಡಿರಲಿಲ್ಲ.

ಮೊದಲು ನೋವು ಹುಡುಕಿ

ಹೋರಿ ಮಲಗಿದರೆ, ಹಿಂದೆ ಸರಿದರೆ, ಒಂದೇ ಕಡೆ ವಾಲಿದರೆ ಮೊದಲು ಮೈ ನೋಡಿ, ಬುದ್ಧಿ ಆಮೇಲೆ. ಹೆಗಲು ಬಾವಿಗೆ ಸಾಮಾನ್ಯವಾಗಿ ಐದು ಕಾರಣ:

1. ಜೋಡಿಯ ಎತ್ತರ ಸಮ ಇಲ್ಲದಿರುವುದು. ಆಗ ನೊಗ ಓರೆಯಾಗಿ ಉಜ್ಜುತ್ತದೆ. ನಮ್ಮ ಮೈಲಾರಿ ಬಸವನಿಗಿಂತ ನಾಲ್ಕು ಬೆರಳು ಗಿಡ್ಡ.

2. ನೊಗದ ಅಡಿಭಾಗ ಒರಟಾಗಿರುವುದು, ಸೀಳು ಬಿಟ್ಟಿರುವುದು.

3. ಬಂಡಿಯ ತೂಕ ಮುಂದಕ್ಕೆ ಬೀಳುವುದು. ಹೇರು ಮುಂದೆ ಹೆಚ್ಚಾದರೆ ಹೆಗಲಿಗೆ ಒತ್ತುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳ ಹಗ್ಗ ಗಂಟಲು ಹಿಡಿಯುತ್ತದೆ. ಖಾಲಿ ಬಂಡಿಯಲ್ಲಿ ನೀವು ಎಲ್ಲಿ ಕೂರುತ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

4. ಮಳೆಯಲ್ಲಿ ನೆನೆದ ಹೆಗಲಿಗೆ ನೊಗ ಇಡುವುದು. ನೆನೆದ ಚರ್ಮ ಬೇಗ ಕಿತ್ತು ಬರುತ್ತದೆ.

5. ಎಳೆ ಹೆಗಲಿಗೆ ಒಂದೇ ಸಲ ಗಂಟೆಗಟ್ಟಲೆ ಕೆಲಸ ಕೊಡುವುದು. ನಾನು ಮಾಡಿದ್ದು ಇದನ್ನೇ.

ಹೊಸ ಬಾವು ಆದರೆ ನೊಗ ನಿಲ್ಲಿಸಿ, ತಣ್ಣೀರಿನ ಬಟ್ಟೆ ಹಾಕಿ. ಚರ್ಮ ಕಿತ್ತಿದ್ದರೆ ತೊಳೆದು ಬೇವಿನೆಣ್ಣೆ ಹಚ್ಚಿ ನೊಣ ಕೂರದಂತೆ ನೋಡಿಕೊಳ್ಳಿ. ಕೀವು ತುಂಬಿದ್ದರೆ ಮನೆಯಲ್ಲಿ ಕೊಯ್ಯಬೇಡಿ, ಪಶುವೈದ್ಯರನ್ನು ಕರೆಸಿ. ಪೂರ್ತಿ ವಾಸಿಯಾಗಿ ಕೂದಲು ಬರುವ ತನಕ ಅದೇ ಜಾಗಕ್ಕೆ ನೊಗ ಇಡಬೇಡಿ. ಕಾಲಿನ ಗೊರಸು, ಲಾಳದ ಮೊಳೆ, ಮೂಗುದಾರದ ತೂತನ್ನೂ ನೋಡಿ. ಬೀಜ ಒಡೆಸಿದ್ದರೆ ಊತ ಪೂರ್ತಿ ಇಳಿಯುವ ತನಕ ಹೋರಿ ಕಟ್ಟಬೇಡಿ.

ಅದು ಕಾಣುವುದು ಬೇರೆ, ಕೇಳುವುದು ಬೇರೆ

ಎರಡನೇ ಅಡ್ಡಿ ಬಂದಿದ್ದು ರಸ್ತೆಯ ಮೋರಿ ಹತ್ತಿರ. ಬೆಳಗ್ಗೆ ಆರಾಮಾಗಿ ದಾಟುತ್ತಿದ್ದ ಜೋಡಿ ಸಂಜೆ ಅಲ್ಲೇ ಗಕ್ಕನೆ ನಿಲ್ಲುತ್ತಿತ್ತು. ಸಂಜೆ ಬಿಸಿಲಿಗೆ ತಡೆಗೋಡೆಯ ನೆರಳು ರಸ್ತೆಗೆ ಅಡ್ಡ ಬೀಳುತ್ತದೆ ಅಂತ ತಿಳಿಯೋಕೆ ನನಗೆ ನಾಲ್ಕು ದಿನ ಬೇಕಾಯ್ತು.

ದನಗಳ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲಿನ ಸುಮಾರು 330 ಡಿಗ್ರಿ ಕಾಣುತ್ತದೆ. ಆದರೆ ಬೆನ್ನ ಹಿಂದಿನ ನೇರ ಭಾಗ ಕಾಣುವುದಿಲ್ಲ. ಆಳ ಎಷ್ಟಿದೆ ಅನ್ನೋದೂ ಬೇಗ ತಿಳಿಯುವುದಿಲ್ಲ, ತಲೆ ತಗ್ಗಿಸಿ ನೋಡಬೇಕು. ಕಪ್ಪು ನೆರಳು ಅದಕ್ಕೆ ಗುಂಡಿಯಂತೆಯೇ ಕಾಣಬಹುದು. ಕಿವಿಯೂ ನಮಗಿಂತ ಚುರುಕು. ಮನುಷ್ಯರಿಗೆ 20 ಕಿಲೋಹರ್ಟ್ಜ್ ತನಕ ಕೇಳಿದರೆ ದನಗಳಿಗೆ ಸುಮಾರು 35ರ ತನಕ ಕೇಳುತ್ತದೆ. ನಮಗೆ ಗೊತ್ತೇ ಆಗದ ಕೀಚು ಸದ್ದಿಗೂ ಅವು ಬೆದರಬಹುದು.

ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ದನಗಳನ್ನು ಬೆದರಿಸದೆ ನಡೆಸುವ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಅವರು ಹೇಳುವ ಒಂದು ಮಾತು ನಮ್ಮ ಹಿರಿಯರ ಕೈಯಲ್ಲಿ ಮೊದಲೇ ಇತ್ತು: ದನದ ಭುಜದ ಹಿಂದೆ ನಿಂತರೆ ಅದು ಮುಂದೆ ಹೋಗುತ್ತದೆ, ಭುಜದ ಮುಂದೆ ಬಂದರೆ ನಿಲ್ಲುತ್ತದೆ. ನಾನು ಮುಂದೆ ನಿಂತು ಮೂಗುದಾರ ಎಳೆಯುತ್ತ ‘ನಡಿ ನಡಿ’ ಅಂತಿದ್ದೆ. ಬಾಯಿ ಹೋಗು ಅಂದರೆ ನಿಂತ ಜಾಗ ನಿಲ್ಲು ಅನ್ನುತ್ತಿತ್ತು. ಹೋರಿ ಯಾವುದನ್ನು ಕೇಳಬೇಕು?

ಮೋರಿ ಹತ್ತಿರ ಹೊಡೆಯುವುದನ್ನು ಬಿಟ್ಟು ನೊಗ ಬಿಚ್ಚಿ, ಒಂದೊಂದನ್ನೇ ಹಗ್ಗ ಸಡಿಲ ಬಿಟ್ಟು ಹಿಡಿದುಕೊಂಡು ನಿಂತೆವು. ಮೂಸಿ ನೋಡಿ, ತಾವಾಗೇ ದಾಟಿದವು. ಮೂರು ಸಂಜೆ ಹೀಗೆ ಮಾಡಿದ ಮೇಲೆ ಮೋರಿಯ ಗಲಾಟೆ ಮುಗಿಯಿತು.

ಅಪ್ಪನ ಕೈ ಮುರಿದ ದಿನ

ಜಾತ್ರೆಗೆ ಇಪ್ಪತ್ತು ದಿನ ಇತ್ತು. ಮೈಲಾರಿಯ ಹೆಗಲು ವಾಸಿಯಾಗಿ ವಾರ ಆಗಿತ್ತಷ್ಟೆ. ನಾನು ಕೊಂಬಣಸು, ಝೂಲ, ಹೊಸ ಗೆಜ್ಜೆಸರ ಎಲ್ಲಾ ಒಂದೇ ದಿನ ಹಾಕಿ, ಬಂಡಿ ಕಟ್ಟಿ, ಅಪ್ಪನನ್ನು ಕೂರಿಸಿಕೊಂಡು ಊರೊಳಗೆ ಹೊರಟೆ. ಮದುವೆ ಮನೆ ಮುಂದೆ ಡೊಳ್ಳು ಶುರುವಾಯ್ತು. ಮೈಲಾರಿ ಹಾರಿದ, ಬಸವ ಅವನ ಜೊತೆ ಓಡಿದ. ಓಡಿದಷ್ಟೂ ಗೆಜ್ಜೆ ಸದ್ದು, ಸದ್ದಿಗೆ ಇನ್ನೂ ಓಟ. ನಾನು ಮೂಗುದಾರ ಜಗ್ಗಿದೆ, ನೋವಿಗೆ ಇನ್ನಷ್ಟು ಹೆದರಿದವು. ಗಾಲಿ ಚರಂಡಿ ಕಲ್ಲಿಗೆ ಬಡಿದು ಅಪ್ಪ ಕೆಳಗೆ ಬಿದ್ದರು. ಮಣಿಕಟ್ಟು ಮುರಿದಿತ್ತು. ಆ ಹೊತ್ತಿಗೆ ಶಾಲೆ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆಸಿಕೊಳ್ಳೋಕೆ ಆಗಲ್ಲ.

ಮರುದಿನವೇ ದಲ್ಲಾಳಿ ಬಂದ. ‘ಬೆದರು ಹೋರಿ, ಇನ್ನು ಯಾರೂ ಕಟ್ಟಂಗಿಲ್ಲ’ ಅಂತ ಕೊಂಡ ಬೆಲೆಯ ಅರ್ಧಕ್ಕೆ ಕೇಳಿದ. ಕೊಟ್ಟುಬಿಡೋಣ ಅಂತ ನಾನು ಒಪ್ಪಿದ್ದೆ. ಅಪ್ಪ ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡು ಹೊರಗೆ ಬಂದು, ‘ಅವಸರ ಮಾಡಿದ್ದು ನೀನು. ಅದನ್ಯಾಕ ಮಾರ್ತಿ?’ ಅಂದರು. ಅಷ್ಟೇ ಮಾತು. ದಲ್ಲಾಳಿ ಚಹಾ ಕುಡಿದು ಹೋದ.

ಆ ವರ್ಷ ಕುರುವತ್ತಿಗೆ ಹೋಗಲಿಲ್ಲ.

ಮತ್ತೆ ಮೊದಲಿನಿಂದ

ಹೊರದೇಶದಲ್ಲಿ ಮೇಳಕ್ಕೆ ಪುಟ್ಟ ತಳಿಯ ಕುದುರೆಗಳನ್ನು ಗಾಡಿಗೆ ತಿದ್ದುವವರೂ ಇದ್ದಾರೆ. ಆ ಕುದುರೆ ನಿಂತರೆ ನಮ್ಮ ಸೊಂಟದೆತ್ತರವೂ ಬರುವುದಿಲ್ಲ. ಅವರೂ ನೇರ ಗಾಡಿ ಕಟ್ಟುವುದಿಲ್ಲ. ಮೊದಲು ಉದ್ದ ಹಗ್ಗ ಹಿಡಿದು ಹಿಂದೆ ನಡೆಯುತ್ತಾರೆ, ಆಮೇಲೆ ಹಗುರ ವಸ್ತು ಎಳೆಸುತ್ತಾರೆ, ಗಾಡಿ ಕೊನೆಗೆ. ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದಲ್ಲಿ ಮಕ್ಕಳು ಎಳೆಗರುಗಳಿಗೇ ಪುಟ್ಟ ನೊಗ ಹಾಕಿ ನಡೆಸಿ ಮೇಳಗಳಲ್ಲಿ ತೋರಿಸುತ್ತಾರೆ. ನಮ್ಮಲ್ಲಿ ಕೊರಡು ಎಳೆಸುವ ಪದ್ಧತಿ ಇದ್ದೇ ಇದೆ, ನಾನು ಅದನ್ನು ಹಾರಿಸಿ ಬಂಡಿಗೆ ಬಂದಿದ್ದೆ. ಎರಡನೇ ಸಲ ಅನುಸರಿಸಿದ ಕ್ರಮ ಇದು:

1. ಎರಡು ವಾರ ಬರೀ ಮೈ ಮುಟ್ಟುವುದು, ತಿಕ್ಕುವುದು, ಕಾಲೆತ್ತಿಸುವುದು. ದಿನಾ ಒಬ್ಬರದೇ ಕೈ.

2. ಒಂದೊಂದನ್ನೇ ಹಗ್ಗ ಹಿಡಿದು ನಡೆಸುವುದು, ‘ನಡಿ’, ‘ನಿಲ್ಲು’ ಕಲಿಸುವುದು. ನಿಂತ ಕೂಡಲೇ ಹಗ್ಗ ಸಡಿಲ ಬಿಡಿ. ಆ ಸಡಿಲವೇ ಅದಕ್ಕೆ ಬಹುಮಾನ. ಬೇಕಾದರೆ ಒಂದು ಚೂರು ಬೆಲ್ಲ ಕೊಡಿ.

3. ಜೋಡಿಗೆ ಬರೀ ನೊಗ. ನಾವು ಗಿಡ್ಡ ಹೋರಿಯ ಕಡೆ ನೊಗದಡಿಗೆ ಮೆತ್ತೆ ಕಟ್ಟಿದೆವು. ಎತ್ತರ ತೀರಾ ಹೆಚ್ಚುಕಮ್ಮಿ ಇದ್ದರೆ ಜೋಡಿ ಬದಲಿಸುವುದೇ ಒಳ್ಳೆಯದು.

4. ಹಗುರ ಕೊರಡು, ಆಮೇಲೆ ಹಳೇ ಟೈರ್. ಹಿಂದೆ ಸದ್ದು ಬರುವುದು ರೂಢಿಯಾಗಬೇಕು.

5. ಖಾಲಿ ಬಂಡಿ, ಮೆತ್ತನೆ ಹೊಲದ ದಾರಿ. ಆಮೇಲೆ ರಸ್ತೆ.

6. ಅಲಂಕಾರ ಒಂದೊಂದಾಗಿ. ಗೆಜ್ಜೆಸರ ಮೊದಲು ಕೊಟ್ಟಿಗೆಯಲ್ಲಿ ಮೇವು ತಿನ್ನುವಾಗ ಹಾಕಿ. ಡೊಳ್ಳಿನ ಸದ್ದು ಮೊದಲು ದೂರದಿಂದ ಕೇಳಿಸಿ.

ಪ್ರತಿ ಪಾಠ 20–30 ನಿಮಿಷ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ. ಯಾವ ಹಂತದಲ್ಲಿ ಹೋರಿ ಅಡ್ಡ ಬಿತ್ತೋ ಅದರ ಹಿಂದಿನ ಹಂತಕ್ಕೆ ಹೋಗಿ, ಅಲ್ಲಿ ಎರಡು ದಿನ ಚೆನ್ನಾಗಿ ನಡೆಸಿ, ಮತ್ತೆ ಮುಂದೆ ಬನ್ನಿ. ಪಾಠವನ್ನು ಅದು ಸರಿ ಮಾಡಿದ ಹೊತ್ತಿಗೇ ಮುಗಿಸಿ. ಕ್ಯಾಲೆಂಡರ್ ನೋಡಿ ಮುಂದಿನ ಹಂತಕ್ಕೆ ಹೋಗಬೇಡಿ.

ಜಾತ್ರೆಗೆ ಹೊರಡುವ ಮುಂಚೆ

ಕಾಲುಬಾಯಿ ಬೇನೆ, ಚರ್ಮಗಂಟು ರೋಗದ ಲಸಿಕೆ ಜಾತ್ರೆಗೆ ಮೂರ್ನಾಲ್ಕು ವಾರ ಮುಂಚೆಯೇ ಹಾಕಿಸಿ, ಶಕ್ತಿ ಬರೋಕೆ ಸಮಯ ಬೇಕು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ದನದ ಜಾತ್ರೆಗಳೇ ನಿಂತುಹೋಗಿದ್ದು ನೆನಪಿರಲಿ. ಪ್ರದರ್ಶನಗಳಲ್ಲಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಬಾಯಿಗೂಡಿದವು ಅಂತ ಗುಂಪು ಮಾಡುವುದು ರೂಢಿ. ಹಾಗಾಗಿ ತೀರ್ಪುಗಾರರು ಹಲ್ಲು ನೋಡುತ್ತಾರೆ. ಅಪರಿಚಿತರು ತುಟಿ ಎತ್ತಿದರೆ ಸುಮ್ಮನಿರುವುದನ್ನೂ ಮನೆಯಲ್ಲೇ ಕಲಿಸಿ.

1965ರ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮದ ಪ್ರಕಾರ ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಬಂಡಿ ಕಟ್ಟುವಂತಿಲ್ಲ. ಮೊಳೆ ಕೋಲು ಬಳಸುವಂತಿಲ್ಲ. ಶಿವರಾತ್ರಿ ಹೊತ್ತಿಗೆ ನಮ್ಮಲ್ಲಿ ಬಿಸಿಲು ಏರುತ್ತಿರುತ್ತದೆ, ನಸುಕಿನಲ್ಲೇ ಹೊರಡಿ.

ಮರುವರ್ಷ ನಮ್ಮ ಜೋಡಿ ಕುರುವತ್ತಿ ತಲುಪಿತು. ಮೈಲಾರಿಯ ಹೆಗಲ ಮೇಲೆ ಹಳೇ ಗಾಯದ ಜಾಗದಲ್ಲಿ ಬಿಳಿ ಕಲೆ ಹಾಗೇ ಇದೆ, ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬರುವುದಿಲ್ಲ ಅಂತ ನಮಗೆ ಮೊದಲೇ ಗೊತ್ತಿತ್ತು. ಪಕ್ಕದಲ್ಲೇ ಡೊಳ್ಳು ಬಾರಿಸಿಕೊಂಡು ಒಂದು ತಂಡ ಹೋಯ್ತು. ಅವನು ಒಮ್ಮೆ ಕಿವಿ ತಿರುಗಿಸಿದ, ಮತ್ತೆ ಮೆಲುಕು ಹಾಕಿದ. ಅಪ್ಪ ಬಂಡಿ ಮೇಲೇ ಕೂತಿದ್ದರು, ಕೆಳಗೆ ಇಳಿಯಲಿಲ್ಲ.

ಕೂಡ್ಲಿಗಿಯ ರೈತರು ನಿನ್ನೆ ಮತ್ತೆ ಫೋನ್ ಮಾಡಿದ್ರು. ಹೆಗಲು ಮುಟ್ಟಿ ನೋಡಿದಾರೆ, ಎಡಗಡೆ ಗೋಲಿಯಷ್ಟು ಗಂಟು ಸಿಕ್ಕಿದೆಯಂತೆ. ನೊಗ ಅಟ್ಟದ ಮೇಲೆ ಇಟ್ಟಿದಾರೆ. ನಿಮ್ಮ ಜೋಡಿಯೂ ಮೊಂಡು ಬಿದ್ದಿದ್ದರೆ ಇವತ್ತು ಸಂಜೆ ಬಾರುಕೋಲು ಮೂಲೆಗಿಟ್ಟು, ಅಂಗೈಯಲ್ಲಿ ಹೆಗಲು ಸವರಿ ನೋಡಿ.