ಮ್ಯೂಸಿಯಂ ಒಳಗ ನಮ್ಮನ್ನ ಬಿಡ್ತಾರೇನ್ರಿ?

ವೀಕ್ಷಕರೇ, ಇವತ್ತು ರಾಜಕಾರಣ ಬೇಡ. ಇವತ್ತಿನ ಮಾತು ಶುರುವಾಗೋದು ಒಂದು ಮರದ ಮಾವಿನಹಣ್ಣಿನಿಂದ.

ಗೋಕಾಕಕ್ಕೆ ಬೇರೆ ಯಾವುದೋ ವರದಿಗೆ ಅಂತ ಹೋಗಿದ್ದೆ. ಕೆಲಸ ಮುಗೀತು, ಮನೆಗೆ ಕರದಂಟು ಕಟ್ಟಿಸಿಕೊಂಡೂ ಆಯ್ತು. ಹಳೇ ಊರಿನ ಓಣಿಯಲ್ಲಿ ನಡೆದು ಬರುವಾಗ ಕಟ್ಟೆಯ ಮೇಲೆ ಕೂತಿದ್ದ ವಯಸ್ಸಾದ ತಾಯಿಯೊಬ್ಬರು ಕೂಗಿ ನಿಲ್ಲಿಸಿದರು. "ತಮ್ಮಾ, ನೀ ಟಿವ್ಯಾಗ ಒದರಾವ ಅಲ್ಲೇನೋ?" ಅಂದರು. ಹೌದವ್ವಾ, ನಾನೇ ಅಂದೆ. ಒದರುವುದೇ ನನ್ನ ಕೆಲಸ, ಇಲ್ಲ ಅನ್ನೋಕೆ ಬರುತ್ತಾ? ಒಳಗೆ ಕರೆದು ಚಹಾ ಕೊಟ್ಟರು. ಆಮೇಲೆ ಗೋಡೆಯ ಮಾಡದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಅದರಲ್ಲಿ ಒಂದು ಮಾವಿನಹಣ್ಣು, ಒಂದು ದಾಳಿಂಬೆ. ಎರಡೂ ಮರದವು. ಬಣ್ಣ ಅಲ್ಲಲ್ಲಿ ಉದುರಿದೆ. ಆದರೂ ದೂರದಿಂದ ನೋಡಿದರೆ ಕೈ ಹಾಕಬೇಕು ಅನಿಸುವಷ್ಟು ನಿಜವಾದ ಹಣ್ಣು.

"ನಮ್ಮ ಮಾವನೋರು ಮಾಡಿದ್ದು. ಒಂದು ಟ್ರಂಕ್ ತುಂಬ ಇದ್ದವು. ಹೊಳಿ ಒಯ್ತು," ಅಂದರು. ಯಾವ ಹೊಳೆ, ಯಾವ ವರ್ಷ ಅಂತ ನಾನು ಕೇಳಲಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಒಳಗೆ ನುಗ್ಗಿದ್ದನ್ನ ನಾವೇ ದಿನವಿಡೀ ತೋರಿಸಿದ್ದೆವು. ಮುಳುಗಿದ ಸೇತುವೆ ತೋರಿಸಿದೆವು, ಕಾಳಜಿ ಕೇಂದ್ರ ತೋರಿಸಿದೆವು. ಟ್ರಂಕುಗಳಲ್ಲಿ ಏನಿತ್ತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ತಾಯಿಯ ಪ್ರಶ್ನೆ ಸರಳ. ಮುಂದಿನ ಸಲ ಹೊಳೆ ಬಂದರೆ ಈ ಎರಡೂ ಹೋಗುತ್ತವೆ. ಯಾರಿಗೆ ಕೊಡಬೇಕು? ಧಾರವಾಡದ ಯೂನಿವರ್ಸಿಟಿಯಲ್ಲಿ ಇಂಥದ್ದೆಲ್ಲ ಇಡೋ ಜಾಗ ಇದೆಯಲ್ಲವ್ವಾ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು ಕೇಳಿದರು: "ಅಲ್ಲಿ ನಮ್ಮನ್ನ ಒಳಗ ಬಿಡ್ತಾರೇನೋ ತಮ್ಮಾ?"

ಈ ಪ್ರಶ್ನೆಗೆ ಉತ್ತರ ಹೇಳಬೇಕು ಅಂದರೆ ಯೂನಿವರ್ಸಿಟಿ ಮ್ಯೂಸಿಯಂ ಅಂದರೆ ಏನು ಅನ್ನೋದನ್ನ ಮೊದಲು ಬಿಡಿಸಿಕೊಳ್ಳಬೇಕು. ಸರಕಾರದ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಬೇರೆ, ವಿಶ್ವವಿದ್ಯಾಲಯದ್ದು ಬೇರೆ. ಇಲಾಖೆಯದ್ದು ಮುಖ್ಯವಾಗಿ ಕಾಯುವ ಕೆಲಸ. ವಿಶ್ವವಿದ್ಯಾಲಯದ್ದು ಕಾಯುವುದರ ಜೊತೆಗೆ ಓದುವ, ಓದಿಸುವ ಕೆಲಸ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 1683ರಲ್ಲೇ ಆಶ್ಮೋಲಿಯನ್ ಮ್ಯೂಸಿಯಂ ತೆರೆದರು. ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯವೊಂದು ಸಾರ್ವಜನಿಕರಿಗಾಗಿ ಮೊದಲು ಮ್ಯೂಸಿಯಂ ಮಾಡಿದ್ದು ಕಲ್ಕತ್ತೆಯಲ್ಲಿ, 1937ರಲ್ಲಿ. ಆಶುತೋಷ್ ಮ್ಯೂಸಿಯಂ ಅಂತ ಹೆಸರು. ಅದಾಗಿ ಎರಡೇ ವರ್ಷಕ್ಕೆ, 1939ರಲ್ಲಿ, ಆಗಿನ ಮುಂಬಯಿ ಸರಕಾರ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಶುರು ಮಾಡಿತು. ಕರ್ನಾಟಕ ವಿಶ್ವವಿದ್ಯಾಲಯ ಆಗಿನ್ನೂ ಹುಟ್ಟೇ ಇರಲಿಲ್ಲ. ಸಂಸ್ಥೆಯ ಮೊದಲ ನಿರ್ದೇಶಕರು ಆರ್.ಎಸ್. ಪಂಚಮುಖಿ. ಊರೂರು ತಿರುಗಿ ಶಾಸನಗಳ ಪ್ರತಿ ತೆಗೆದರು, ಶಿಲ್ಪ ತಂದರು, ಓಲೆಗರಿ ತಂದರು, ಶಾಸನಗಳನ್ನ ಸಂಪುಟಗಳಾಗಿ ಅಚ್ಚು ಹಾಕಿಸಿದರು. ಸಂಸ್ಥೆ ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಮಡಿಲಿಗೆ ಬಂತು. ಅದರ ಮ್ಯೂಸಿಯಂ ಈಗಲೂ ಅದೇ ಕ್ಯಾಂಪಸ್ಸಿನಲ್ಲಿದೆ. ಮುಂಬಯಿ ಕರ್ನಾಟಕ ಅಂತ ಕರೆಸಿಕೊಳ್ಳುತ್ತಿದ್ದ ನಮ್ಮ ಜಿಲ್ಲೆಗಳ ನೆನಪಿನ ಪೆಟ್ಟಿಗೆ ಅದು.

ಈ ಪೆಟ್ಟಿಗೆ ಇಲ್ಲದಿದ್ದರೆ ಏನಾಗುತ್ತೆ? ಮೂಡಲಗಿ ತಾಲೂಕಿನ ಕಲ್ಲೋಳಿಗೆ ಬನ್ನಿ. ಅಲ್ಲೊಂದು ಶಾಸನವಿದೆ. ಸವದತ್ತಿಯಿಂದಲೂ ಬೆಳಗಾವಿಯಿಂದಲೂ ಆಳಿದ ರಟ್ಟರ ಅರಸ ನಾಲ್ಕನೇ ಕಾರ್ತವೀರ್ಯನ ಕಾಲದ್ದು, 1204ರದ್ದು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 19ನೇ ಶತಮಾನದಲ್ಲೇ ಅದನ್ನ ಓದಿ ಪ್ರಕಟಿಸಿದ. ಹಾಗಾಗಿ ಕಲ್ಲೋಳಿಯವರಿಗೆ ತಮ್ಮ ಊರು ಎಂಟುನೂರು ವರ್ಷದ ಹಿಂದೆ ಹೇಗಿತ್ತು, ಬಸದಿಗೆ ಯಾರು ಏನು ಕೊಟ್ಟರು ಅನ್ನೋದು ತಿಳಿದಿದೆ. ಈಗ ಇದೇ ಅರಸನ, ಅದೇ 1204ರ, ಬೆಳಗಾವಿಯ ಇನ್ನೆರಡು ಶಾಸನಗಳು ಎಲ್ಲಿವೆ ಗೊತ್ತಾ? ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ಬೆಳಗಾವಿಯ ರಟ್ಟ ಜಿನಾಲಯಕ್ಕೆ ಕೊಟ್ಟ ದಾನದ ವಿವರ, ಕನ್ನಡದಲ್ಲಿ ಕೆತ್ತಿದ್ದು, ನೋಡಬೇಕು ಅಂದರೆ ವೀಸಾ ಬೇಕು! ಬೆಳಗಾವಿ ಯಾರದ್ದು ಅಂತ ವರ್ಷಕ್ಕೊಮ್ಮೆ ನಾವು ಸ್ಟುಡಿಯೋದಲ್ಲಿ ಗಂಟಲು ಹರಿದುಕೊಳ್ಳುತ್ತೇವಲ್ಲ, ಆ ಚರ್ಚೆಗಳಲ್ಲಿ ಈ ಎರಡು ಕಲ್ಲುಗಳ ಹೆಸರು ಒಂದು ಸಲವಾದರೂ ಬಂದದ್ದು ನನಗೆ ನೆನಪಿಲ್ಲ.

ಇನ್ನು ಗೋಕಾಕದ ಗೊಂಬೆ. 1884ರ ಬೆಳಗಾವಿ ಜಿಲ್ಲಾ ಗೆಜೆಟಿಯರ್ ಬರೆದವರು ಗೋಕಾಕದ ಬಗ್ಗೆ ಹೇಳುವಾಗ ಫಾಲ್ಸ್ ಒಂದನ್ನೇ ಹೇಳಿ ಬಿಡಲಿಲ್ಲ. ಹಗುರ ಮರದಲ್ಲಿ, ಆ ಸೀಮೆಯ ಒಂದು ಬಗೆಯ ಮಣ್ಣಿನಲ್ಲಿ ಮಾಡುವ ಗೊಂಬೆ ಮತ್ತು ಹಣ್ಣುಗಳು ಹೆಸರುವಾಸಿ ಅಂತ ಬರೆದರು. ಅಂದರೆ ಆ ತಾಯಿಯ ಮಾಡದಲ್ಲಿದ್ದ ಮಾವಿನಹಣ್ಣಿನ ವಂಶಕ್ಕೆ ಸರಕಾರಿ ದಾಖಲೆಯಲ್ಲೇ ನೂರಾ ನಲವತ್ತು ವರ್ಷದ ಗುರುತಿದೆ. ಚನ್ನಪಟ್ಟಣದ ಹೆಸರು ಎಲ್ಲರಿಗೂ ಗೊತ್ತು. ಕೊಪ್ಪಳದ ಕಿನ್ನಾಳದ್ದೂ ಗೊತ್ತು. ಎರಡಕ್ಕೂ ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಗೋಕಾಕದ ಹೆಸರು ಹೇಳಿ, ಜನ ಕರದಂಟು ಅಂತಾರೆ, ಫಾಲ್ಸ್ ಅಂತಾರೆ, ಸ್ವಲ್ಪ ಹಿರಿಯರಾದರೆ ಗೋಕಾಕ್ ಚಳವಳಿ ಅಂತಾರೆ. ಆ ಚಳವಳಿಯ ಹೆಸರು ಊರಿನಿಂದಲ್ಲ, ವರದಿ ಕೊಟ್ಟ ವಿ.ಕೃ. ಗೋಕಾಕರಿಂದ ಬಂದದ್ದು ಅನ್ನೋದು ಬೇರೆ ಮಾತು. ಗೊಂಬೆ ಮಾತ್ರ ಯಾರ ಬಾಯಲ್ಲೂ ಇಲ್ಲ.

ಹಾಗಾದರೆ ಒಂದು ವಸ್ತು ಮ್ಯೂಸಿಯಂ ಸೇರುವುದು ಹೇಗೆ? ತಗೊಂಡು ಹೋಗಿ ಮೇಜಿನ ಮೇಲಿಟ್ಟು ಬಂದರೆ ಆಗಲ್ಲ. ಮೊದಲು ಕೊಡುವವರ ಪತ್ರ ಬೇಕು: ಇದು ನಮ್ಮದು, ನಮ್ಮ ಒಪ್ಪಿಗೆಯಿಂದ ಕೊಡುತ್ತಿದ್ದೇವೆ ಅಂತ. ಆಮೇಲೆ ದಾಖಲಾತಿ ಪುಸ್ತಕದಲ್ಲಿ ಅದಕ್ಕೊಂದು ನಂಬರು. ಯಾವ ಊರು, ಯಾರು ಮಾಡಿದ್ದು, ಯಾವ ಸಾಮಗ್ರಿ, ಎಷ್ಟು ಉದ್ದ, ಎಷ್ಟು ಭಾರ, ಎಲ್ಲಿ ಒಡೆದಿದೆ, ಎಲ್ಲ ಬರೆಯಬೇಕು, ಫೋಟೋ ಹಿಡಿಯಬೇಕು. ಹುಳು, ತೇವ, ಬಿಸಿಲು ತಾಗದಂತೆ ಇಡಬೇಕು. ಇದರಲ್ಲಿ ಅತಿ ಮುಖ್ಯವಾದದ್ದು ಯಾವುದು ಅಂತ ಕೇಳಿದರೆ, ನನ್ನ ಪ್ರಕಾರ ಆ ಒಂದು ಸಾಲು: ಯಾವ ಊರು, ಯಾರು ಮಾಡಿದ್ದು. ಅದಿಲ್ಲದಿದ್ದರೆ ಮರದ ಮಾವಿನಹಣ್ಣು ಬರೀ ಶೋಕೇಸಿನ ಸಾಮಾನು. ಹೆಸರಿಲ್ಲದ ಮೂರ್ತಿ, ಊರಿಲ್ಲದ ವೀರಗಲ್ಲು ನಮ್ಮಲ್ಲಿ ಎಷ್ಟು ಬಿದ್ದಿವೆ! ತಂದವರು ಬರೆದಿಡಲಿಲ್ಲ, ಅಷ್ಟೇ.

ಕಾನೂನಿನ ಭಯವೂ ಜನರಲ್ಲಿದೆ. ಅದನ್ನೂ ಹೇಳಿಬಿಡ್ತೀನಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯಗಳು ಪ್ರಾಚ್ಯವಸ್ತು. ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷ ಸಾಕು. ಮನೆತನದಿಂದ ಬಂದದ್ದನ್ನ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ ಅಲ್ಲ. ಕೆಲವು ಬಗೆಯವನ್ನ ನೋಂದಾಯಿಸಬೇಕು. ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವುದು, ದೇಶದ ಹೊರಗೆ ಕಳಿಸುವುದು ಅಪರಾಧ. ಹೊಲ ಉಳುವಾಗ, ಪಾಯ ತೆಗೆಯುವಾಗ ನಿಧಿ ಸಿಕ್ಕಿತು ಅನ್ನಿ, ಅದು ಬೇರೆ ಲೆಕ್ಕ. ಅದಕ್ಕೆ ಕರ್ನಾಟಕದ್ದೇ 1962ರ ನಿಧಿ ಕಾಯ್ದೆ ಇದೆ, ಅಧಿಕಾರಿಗಳಿಗೆ ತಿಳಿಸಲೇಬೇಕು. ಮರದ ದಾಳಿಂಬೆಗೆ ಈ ಯಾವ ಭಯವೂ ಬೇಡ.

ಈಗ ಅಸಲು ವಿಷಯಕ್ಕೆ ಬರ್ತೀನಿ. ನಮ್ಮ ವಿಶ್ವವಿದ್ಯಾಲಯಗಳ ಮ್ಯೂಸಿಯಮ್ಮುಗಳು ಜನರನ್ನ ಕರೆಯುವುದು ಯಾವಾಗ? ಮೇ 18ಕ್ಕೆ, ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ ಅಂತ. ಅಥವಾ ಒಂದು ಚಿತ್ರಕಲಾ ಪ್ರದರ್ಶನ ಇದ್ದಾಗ. ನಾನು ಇಂಥ ಎಷ್ಟೋ ಉದ್ಘಾಟನೆಗಳನ್ನ ನೋಡಿದ್ದೀನಿ. ದೀಪ, ಶಾಲು, ಹಾರ, ಫೋಟೋ, ಉಪಾಹಾರ. ಅತಿಥಿಗಳು ಹೋದ ಮೇಲೆ ಪ್ರದರ್ಶನ ನೋಡೋಕೆ ಉಳಿಯುವವರು ಕಲಾವಿದರು ಮತ್ತು ಕಸ ಗುಡಿಸುವವರು. ಕ್ಯಾಂಪಸ್ಸಿನ ಗೇಟಿನಲ್ಲಿ ಸೆಕ್ಯುರಿಟಿಯವರು "ಯಾರ್ನ ಕಾಣಬೇಕ್ರಿ?" ಅಂತ ಕೇಳ್ತಾರೆ. ಯಾರನ್ನೂ ಕಾಣಬೇಕಿಲ್ಲ, ಮ್ಯೂಸಿಯಂ ನೋಡಬೇಕು ಅಂತ ಹೇಳೋ ಧೈರ್ಯ ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ಎಲ್ಲಿಂದ ಬರಬೇಕು?

ಮೈಸೂರಿನ ಉದಾಹರಣೆ ನೋಡಿ. ಮಾನಸಗಂಗೋತ್ರಿಯ ಜಯಲಕ್ಷ್ಮಿವಿಲಾಸ ಅರಮನೆ. 1905ರ ಕಟ್ಟಡ. ಅದರಲ್ಲಿ 1960ರ ದಶಕದ ಕೊನೆಗೆ ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯನಂಥವರು ಹಳ್ಳಿಹಳ್ಳಿಗೆ ಹೋಗಿ ಕೂಡಿಸಿದ ಸಾವಿರಾರು ವಸ್ತುಗಳು: ಯಕ್ಷಗಾನದ ಕಿರೀಟ, ತೊಗಲುಗೊಂಬೆ, ಬುಟ್ಟಿ, ಕೊಳಗ. ರಾಜಕುಮಾರಿಯ ಮಹಲಿನಲ್ಲಿ ರೈತನ ಕೊಳಗ ಇಟ್ಟರು ಅನ್ನೋದೇ ಎಷ್ಟು ದೊಡ್ಡ ಮಾತು! ಆದರೆ ಕಟ್ಟಡ ಸೋರಿತು, ಶಿಥಿಲವಾಯಿತು. ಒಮ್ಮೆ ದುರಸ್ತಿಯಾದದ್ದು ಮತ್ತೆ ಹಾಳಾಯಿತು. ಕೊನೆಗೆ ಒಂದು ಭಾಗದ ದುರಸ್ತಿಗೆ ಅಮೆರಿಕ ಸರಕಾರದ ಪರಂಪರೆ ನಿಧಿಯಿಂದ ಹಣ ಬರಬೇಕಾಯಿತು. ಕೂಡಿಹಾಕುವುದಕ್ಕೆ ಉತ್ಸಾಹ ಸಾಕು. ಉಳಿಸುವುದಕ್ಕೆ ಪ್ರತಿವರ್ಷ ಬಜೆಟ್ ಬೇಕು.

ಜನ ಧಾರವಾಡಕ್ಕೆ ಬರಲು ಅಂಜಿದರೆ ಧಾರವಾಡ ಜನರ ಹತ್ತಿರ ಹೋಗಲಿ, ಅಷ್ಟೇ ನಾನು ಹೇಳೋದು. ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಕಾಲೇಜುಗಳಿವೆ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದ ಮೇಲೆ ಇವು ಬೆಳಗಾವಿಯ ಆಡಳಿತಕ್ಕೆ ಸೇರಿದವು. ಎರಡು ವಿಶ್ವವಿದ್ಯಾಲಯ ಕೂಡಿ ವರ್ಷಕ್ಕೊಂದು ತಿರುಗಾಡುವ ಪ್ರದರ್ಶನ ಮಾಡಲಿಕ್ಕೆ ಏನು ಅಡ್ಡಿ? ಬೀಗ ಇರುವ ಒಂದು ಒಣ ಕೋಣೆ, ಗಾಜಿನ ನಾಲ್ಕು ಪೆಟ್ಟಿಗೆ, ಕಾವಲಿಗೆ ಇಬ್ಬರು. ಬೆಲೆಕಟ್ಟಲಾಗದ ಮೂಲ ವಸ್ತು ಬೇಡ, ಶಾಸನದ ಅಚ್ಚು ಪ್ರತಿ ತನ್ನಿ, ಫೋಟೋ ತನ್ನಿ.

ಇಡಲಿಕ್ಕೆ ಏನಿದೆ ಅಂತೀರಾ? ಕೇಳಿ. ಮೂಡಲಗಿ ಸೀಮೆಯ ಕುಲಗೋಡದ ತಮ್ಮಣ್ಣ ಕಟ್ಟಿದ ಶ್ರೀಕೃಷ್ಣ ಪಾರಿಜಾತ ಇಡೀ ಉತ್ತರ ಕರ್ನಾಟಕವನ್ನ ರಾತ್ರಿಯಿಡೀ ಎಚ್ಚರವಾಗಿ ಕೂರಿಸಿತು. ಅದೇ ಸೀಮೆಯ ಕೌಜಲಗಿ ನಿಂಗಮ್ಮ ಆ ಆಟಕ್ಕೆ ಮನೆಮಾತಾದರು. ಹೆಣ್ಣು ರಂಗಕ್ಕೆ ಬರುವುದೇ ಮಾತಿಗೆ ಗುರಿಯಾಗುತ್ತಿದ್ದ ಕಾಲ ಅದು. ಆ ಆಟದ ಹಳೇ ಸೀರೆ, ಗೆಜ್ಜೆ, ತಾಳ, ಹಾಡಿನ ಕೈಬರಹದ ಪುಸ್ತಕ ಯಾರ ಮನೆಯ ಅಟ್ಟದಲ್ಲಿವೆ? ಹುಕ್ಕೇರಿ ತಾಲೂಕಿನ ಘೋಡಗೇರಿಯ ಕಂಬಾರರ ಮನೆಯಲ್ಲಿ 1937ರಲ್ಲಿ ಹುಟ್ಟಿದ ಹುಡುಗ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ, ಜ್ಞಾನಪೀಠ ತಂದ. ಚಂದ್ರಶೇಖರ ಕಂಬಾರರ ಪುಸ್ತಕದ ಪಕ್ಕ ಒಂದು ತಿದಿ, ಒಂದು ಇಕ್ಕಳ, ಒಂದು ಸುತ್ತಿಗೆ ಇಡಿ, ಪ್ರದರ್ಶನ ಆಯ್ತಲ್ಲ! ಹುಕ್ಕೇರಿಯ ಆದಿಲಶಾಹಿ ಗುಮ್ಮಟಗಳ ಅಳತೆಯ ನಕ್ಷೆ ಇಡಿ. ಹಿಡಕಲ್ ಜಲಾಶಯದಲ್ಲಿ ನೀರು ಇಳಿದಾಗ ಎದ್ದುನಿಲ್ಲುವ ಹುನ್ನೂರಿನ ವಿಠ್ಠಲನ ಗುಡಿ ನೋಡೋಕೆ ಜನ ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಹೋಗ್ತಾರೆ, ರೀಲ್ಸ್ ಮಾಡ್ತಾರೆ. ಗುಡಿಯ ಜೊತೆ ಮುಳುಗಿದ ಮನೆಗಳವರು ಬರುವಾಗ ಏನು ಹೊತ್ತು ತಂದರು ಅಂತ ಕೇಳಿ ಬರೆದಿಡುವ ಕೆಲಸ ಯಾವ ವಿಭಾಗದ್ದು? ಆ ಪೀಳಿಗೆ ಇನ್ನೆಷ್ಟು ದಿನ ಇರುತ್ತೆ?

ಇಂಥ ಪ್ರದರ್ಶನದ ಬಾಗಿಲಲ್ಲಿ ಒಂದು ಮೇಜು ಇರಲಿ. ಊರಿನವರು ತಮ್ಮ ಮನೆಯ ಹಳೇ ಸಾಮಾನು ತಂದು ತೋರಿಸಲಿ. ಕೊಡಲೇಬೇಕು ಅಂತಿಲ್ಲ. ಫೋಟೋ ತೆಗೆದು, ವಿವರ ಬರೆದುಕೊಂಡು ವಾಪಸ್ ಕಳಿಸಿ. ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರು ಆ ಮೇಜಿನ ಹಿಂದೆ ಕೂರಲಿ. ಎ.ಸಿ. ಹಾಲಿನಲ್ಲಿ ಮಾಡುವ ವಿಚಾರ ಸಂಕಿರಣಕ್ಕಿಂತ ಇದರ ಖರ್ಚು ಕಡಿಮೆ ಅಂತ ನಾನು ಬೆಟ್ ಕಟ್ಟುತ್ತೀನಿ.

ಆ ತಾಯಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಒಳಗೆ ಬಿಡ್ತಾರೆ ಅವ್ವಾ, ಅದು ನಿಮ್ಮ ತೆರಿಗೆ ದುಡ್ಡಿನ ಜಾಗ, ಪತ್ರ ಬರೆದು ಕೊಟ್ಟು ರಸೀದಿ ಇಸ್ಕೊಳ್ರಿ ಅಂದೆ. ಅವರು ಇನ್ನೊಂದು ಕೇಳಿದರು: "ಚೀಟಿ ಮ್ಯಾಲೆ ನಮ್ಮ ಮಾವನೋರ ಹೆಸರು ಬರೀತಾರೇನು?" ಬರೆಯಲೇಬೇಕು, ನೀವೇ ಕೂತು ಬರೆಸ್ರಿ ಅಂದೆ. ಸ್ವಲ್ಪ ಹೊತ್ತು ಎರಡು ಹಣ್ಣನ್ನೂ ಅಂಗೈಯಲ್ಲಿ ತೂಗಿದರು. ಆಮೇಲೆ ಮಾವಿನಹಣ್ಣನ್ನ ಬಟ್ಟೆಯಲ್ಲಿ ಸುತ್ತಿ ಒಂದು ಕಡೆ ಇಟ್ಟರು. ದಾಳಿಂಬೆಯನ್ನ ತಿರುಗಿ ಮಾಡದೊಳಗಿಟ್ಟು, "ಇದು ಇಲ್ಲೇ ಇರಲಿ, ಮೊಮ್ಮಗಳು ಆಡತಾಳ" ಅಂದರು.