ಸಾವಿಗೆ ಇಂಗ್ಲಿಷಿನ ಶಿಷ್ಟಪದಗಳು: ಅರ್ಥ ಮತ್ತು ಮೂಲ

ಮನುಷ್ಯನು ಅತ್ಯಂತ ಖಚಿತವಾಗಿ ಬಲ್ಲ ಸಂಗತಿ ಮರಣ. ಅವನ ನಾಲಗೆ ಅತ್ಯಂತ ಹಿಂಜರಿಯುವ ಶಬ್ದವೂ ಅದೇ. ‘ಸತ್ತರು’ ಎನ್ನುವುದಕ್ಕೆ ಬದಲಾಗಿ ‘ತೀರಿಕೊಂಡರು’, ‘ದೈವಾಧೀನರಾದರು’, ‘ಶಿವಾಧೀನರಾದರು’ ಎಂದು ಹೇಳುವುದು ನಮ್ಮ ವಾಡಿಕೆ. ಇಂಗ್ಲಿಷ್ ಭಾಷೆಯಲ್ಲಿಯೂ ಇಂತಹ ಶಿಷ್ಟಪದಗಳ ಒಂದು ದೊಡ್ಡ ಸಮೂಹವೇ ಉಂಟು. ಡಿಸೀಸ್, ಡಿಮೈಸ್, ಎಕ್ಸ್‌ಪೈರ್, ಡಿಫಂಕ್ಟ್, ಆಬಿಚುಅರಿ ಮೊದಲಾದ ಇವು ನಮ್ಮ ಕಚೇರಿಯ ಕಾಗದಗಳಲ್ಲಿಯೂ ಶ್ರದ್ಧಾಂಜಲಿಯ ಪ್ರಕಟಣೆಗಳಲ್ಲಿಯೂ ದಿನನಿತ್ಯ ಕಾಣಬರುತ್ತವೆ. ಹಿರಿಯರೊಬ್ಬರು ಲಿಂಗೈಕ್ಯರಾದರೆಂದು ಕನ್ನಡದಲ್ಲಿ ಅಚ್ಚಾದ ಪತ್ರಿಕೆಯ ಮಗ್ಗುಲಲ್ಲಿಯೇ ಇಂಗ್ಲಿಷಿನಲ್ಲಿ ಈ ಪದಗಳ ಪೈಕಿ ಯಾವುದಾದರೊಂದು ಕುಳಿತಿರುತ್ತದೆ. ಎಲ್ಲವೂ ಒಂದೇ ಅರ್ಥದ ಪರ್ಯಾಯಪದಗಳೆಂಬ ಭಾವನೆಯೇ ಇದಕ್ಕೆ ಕಾರಣ. ಮೂಲವನ್ನು ಶೋಧಿಸಿ ನೋಡಿದರೆ ಒಂದೊಂದು ಪದವೂ ಮರಣವನ್ನು ಕುರಿತು ಒಂದೊಂದು ಬೇರೆಯ ಮಾತನ್ನು ಹೇಳುತ್ತದೆ. ಯಾವ ಪದವನ್ನು ಯಾರಿಗೆ ಬಳಸಬೇಕೆಂಬ ವಿವೇಕ ಮೂಡಬೇಕಾದರೆ ಈ ಶೋಧನೆ ಅಗತ್ಯ.

ಮೊದಲು ಒಂದು ಚಾರಿತ್ರಿಕ ಸಂಗತಿಯನ್ನು ನೆನಪಿನಲ್ಲಿಡಬೇಕು. ಇಂಗ್ಲಿಷಿನಲ್ಲಿ ಮನೆಮಾತಿನ ಪದಗಳು ಒಂದು ಪದರ, ಶಿಷ್ಟಪದಗಳು ಇನ್ನೊಂದು ಪದರ. ‘ಡೆತ್’ ಎಂಬುದು ಜರ್ಮಾನಿಕ್ ಮೂಲದ ಹಳೆಯ ಮನೆಮಾತು. ‘ಡೈ’ ಎಂಬ ಕ್ರಿಯಾಪದವು ಸ್ಕ್ಯಾಂಡಿನೇವಿಯದಿಂದ ಬಂದು ನೆಲಸಿದ ಜನರ ನುಡಿಯಿಂದ ಸೇರಿತೆಂದು ಹೆಚ್ಚಿನ ಭಾಷಾವಿದರ ಅಭಿಪ್ರಾಯ. ಅದಕ್ಕೆ ಮುನ್ನ ಸಾಯುವುದಕ್ಕೆ ಬಳಕೆಯಲ್ಲಿದ್ದ ಪದಗಳಲ್ಲಿ ಒಂದು ಇಂದಿನ ‘ಸ್ಟಾರ್ವ್’ ಎಂಬುದರ ಪೂರ್ವರೂಪ. ಇದರ ದಾಯಾದಿ ಶಬ್ದ ಜರ್ಮನ್ ಭಾಷೆಯಲ್ಲಿ ಇಂದಿಗೂ ‘ಸಾಯು’ ಎಂಬ ಅರ್ಥದಲ್ಲಿಯೇ ಇದೆ. ಇಂಗ್ಲಿಷಿನಲ್ಲಿ ಮಾತ್ರ ಅದರ ಅರ್ಥ ಕುಗ್ಗಿ ‘ಹಸಿವಿನಿಂದ ಸಾಯು’, ‘ಉಪವಾಸ ಬೀಳು’ ಎಂದಾಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ ಮತ್ತು ನ್ಯಾಯಸ್ಥಾನಗಳಿಗೆ ಫ್ರೆಂಚ್ ಭಾಷೆ ಬಂದಿತು. ಮಠ ಮತ್ತು ಇಗರ್ಜಿಗಳಲ್ಲಿ ಲ್ಯಾಟಿನ್ ಇದ್ದೇ ಇತ್ತು. 1362ರ ಶಾಸನವೊಂದು ನ್ಯಾಯಸ್ಥಾನದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ವಿಧಿಸಿತಾದರೂ ದಾಖಲೆಗಳ ಲ್ಯಾಟಿನ್ ಮತ್ತು ವಕೀಲರ ಫ್ರೆಂಚ್ ಬಹುಕಾಲ ಉಳಿದವು. 1731ರ ಶಾಸನದ ಬಳಿಕವೇ ಅವು ನ್ಯಾಯಸ್ಥಾನಗಳಿಂದ ತೆರಳಿದವು. ಆದ್ದರಿಂದ ಮನೆಯಲ್ಲಿ ಸತ್ತವನು ‘ಡೈ’ ಆದನು. ಅವನೇ ದಾಖಲೆಯಲ್ಲಿ ‘ಡಿಸೀಸ್ಡ್’ ಆದನು. ಮರಣಶಾಸನಕ್ಕೆ ‘ವಿಲ್’ ಎಂಬ ದೇಶ್ಯಪದವನ್ನೂ ‘ಟೆಸ್ಟಮೆಂಟ್’ ಎಂಬ ಲ್ಯಾಟಿನ್ ಪದವನ್ನೂ ಜೋಡಿಸಿ ಹೇಳುವ ರೂಢಿ ಈ ಎರಡು ಪದರಗಳಿಗೂ ಸಾಕ್ಷಿಯಾಗಿದೆ.

ಈಗ ಒಂದೊಂದೇ ಪದವನ್ನು ತೆಗೆದುಕೊಳ್ಳೋಣ. ‘ಡಿಸೀಸ್’ ಎಂಬುದು ಲ್ಯಾಟಿನ್ನಿನ ‘ದೇಕೇದೆರೆ’ ಎಂಬ ಕ್ರಿಯಾಪದದಿಂದ ಫ್ರೆಂಚ್ ಮುಖಾಂತರ ಬಂದುದು. ‘ದೇ’ ಎಂದರೆ ಆಚೆಗೆ. ‘ಕೇದೆರೆ’ ಎಂದರೆ ಸಾಗು, ಹೋಗು. ರೋಮನ್ನರೂ ಮರಣದ ಹೆಸರೆತ್ತಲು ಅಳುಕಿ ‘ನಿರ್ಗಮನ’ ಎಂಬರ್ಥದ ಈ ಮಾತನ್ನು ಬಳಸಿದರು. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲ್ಲಿನಲ್ಲಿ, ಲೂಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ, ಏಸುವಿನ ಮರಣವನ್ನು ಕುರಿತು ಈ ಪದ ಬಂದಿದೆ. ಅಲ್ಲಿ ಮೂಲ ಗ್ರೀಕಿನಲ್ಲಿರುವ ಶಬ್ದ ‘ಎಕ್ಸೊಡೊಸ್’, ಅಂದರೆ ಹೊರಟುಹೋಗುವಿಕೆ. ಭಾಷಾಂತರಕಾರರು ಧಾತ್ವರ್ಥವನ್ನು ಬಿಟ್ಟುಕೊಡಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ವಿದ್ಯಾರ್ಥಿಗಳು ಈ ಪದವನ್ನು ರೋಗವಾಚಕವಾದ ‘ಡಿಸೀಜ್’ ಎಂಬುದರೊಡನೆ ಬೆರೆಸುವುದುಂಟು. ಅದು ‘ನೆಮ್ಮದಿಯಿಲ್ಲದಿರುವಿಕೆ’ ಎಂಬರ್ಥದ ಹಳೆಯ ಫ್ರೆಂಚ್ ಶಬ್ದ. ಎರಡಕ್ಕೂ ಯಾವ ಸಂಬಂಧವೂ ಇಲ್ಲ.

‘ಡಿಮೈಸ್’ ಎಂಬುದರ ಕಥೆ ಬೇರೆ. ‘ಮಿತ್ತೆರೆ’ ಎಂಬ ಲ್ಯಾಟಿನ್ ಧಾತುವಿಗೆ ಕಳುಹಿಸು, ಬಿಡು ಎಂದರ್ಥ. ಮಿಷನ್, ಡಿಸ್‌ಮಿಸ್ ಎಂಬ ಪದಗಳಲ್ಲಿರುವುದೂ ಅದೇ. ಅದರಿಂದ ಹುಟ್ಟಿದ ಫ್ರೆಂಚ್ ಪದವು ಇಂಗ್ಲೆಂಡಿನ ನ್ಯಾಯಶಾಸ್ತ್ರದಲ್ಲಿ ಭೂಮಿಕಾಣಿಯನ್ನು ಗೇಣಿಗೆ ಅಥವಾ ಉಯಿಲಿನ ಮೂಲಕ ಇನ್ನೊಬ್ಬರಿಗೆ ವಹಿಸಿಕೊಡುವುದಕ್ಕೆ ಸಂಜ್ಞೆಯಾಯಿತು. ಸಾವು ಅದರ ಅರ್ಥವೇ ಆಗಿರಲಿಲ್ಲ. ರಾಜನು ಗತಿಸಿದೊಡನೆ ರಾಜ್ಯಾಧಿಕಾರವು ಉತ್ತರಾಧಿಕಾರಿಗೆ ಸಲ್ಲುವುದರಿಂದ ಆ ವರ್ಗಾವಣೆಗೂ ಇದೇ ಹೆಸರು ಸಂದಿತು. ರಾಜನಿಗೆ ಮರಣವಿಲ್ಲವೆಂಬುದು ಇಂಗ್ಲೆಂಡಿನ ನ್ಯಾಯಸೂತ್ರ; 1765ರಿಂದ 1769ರವರೆಗೆ ಪ್ರಕಟವಾದ ತಮ್ಮ ಬೃಹದ್‌ಗ್ರಂಥದಲ್ಲಿ ನ್ಯಾಯವೇತ್ತ ವಿಲಿಯಂ ಬ್ಲ್ಯಾಕ್‌ಸ್ಟನ್ನರು ಈ ಪದಕ್ಕೆ ಆಸ್ತಿಯ ವರ್ಗಾವಣೆಯೆಂದೇ ಅರ್ಥವೆಂದು ವಿವರಿಸಿದ್ದಾರೆ. 2022ರ ಸೆಪ್ಟೆಂಬರ್ 8ರಂದು ಎರಡನೆಯ ಎಲಿಜಬೆತ್ ರಾಣಿ ಗತಿಸಿದ ಕ್ಷಣದಲ್ಲಿಯೇ ಚಾರ್ಲ್ಸರು ಅರಸರಾದುದು ಈ ನಿಯಮದಂತೆಯೇ. ಪಟ್ಟಾಭಿಷೇಕ ನಡೆದುದು 2023ರ ಮೇ ತಿಂಗಳಿನಲ್ಲಿ. ಅರಸರಿಗೆ ಸಲ್ಲುತ್ತಿದ್ದ ಪದವೆಂಬ ಕಾರಣದಿಂದ ಇದಕ್ಕೆ ಗೌರವ ಅಂಟಿ, ಹದಿನೆಂಟನೆಯ ಶತಮಾನದಲ್ಲಿ ಇತರರ ಮರಣಕ್ಕೂ ಹರಡಿತು. ಆದರೆ ಮೂಲಾರ್ಥ ಅಳಿದಿಲ್ಲ. ಇಂಗ್ಲಿಷಿನಲ್ಲಿ ಬರೆದ ಬಾಡಿಗೆಯ ಕರಾರುಪತ್ರಗಳಲ್ಲಿ, ನಮ್ಮ ದೇಶದಲ್ಲಿಯೂ, ಬಾಡಿಗೆಗೆ ಕೊಟ್ಟ ಕಟ್ಟಡವನ್ನು ‘ಡಿಮೈಸ್ಡ್’ ಎಂದು ಕರೆಯುವುದನ್ನು ಇಂದಿಗೂ ಕಾಣಬಹುದು. ಅಲ್ಲಿ ಸತ್ತವರು ಯಾರೂ ಇಲ್ಲ.

‘ಡಿಫಂಕ್ಟ್’ ಎಂಬುದು ಇಂದು ಮುಚ್ಚಿಹೋದ ಸಂಸ್ಥೆಗಳಿಗೆ ಹೆಚ್ಚಾಗಿ ಸಲ್ಲುತ್ತಿದೆ. ಇದರ ಮೂಲ ಲ್ಯಾಟಿನ್ ಕ್ರಿಯಾಪದಕ್ಕೆ ಕರ್ತವ್ಯವನ್ನು ನೆರವೇರಿಸಿ ಮುಗಿಸು, ಸಲ್ಲಿಸಿ ಬಿಡುಗಡೆಯಾಗು ಎಂದರ್ಥ. ಕಾರ್ಯವಾಚಕವಾದ ‘ಫಂಕ್ಷನ್’ ಇದರ ಒಡಹುಟ್ಟು. ನಮ್ಮ ‘ತೀರಿಕೊಂಡರು’ ಎಂಬ ಮಾತು ಇದಕ್ಕೆ ಎಷ್ಟು ಸಮೀಪವೆಂಬುದನ್ನು ವಾಚಕರು ಗಮನಿಸಬೇಕು. ಸಾಲ ತೀರುತ್ತದೆ, ಕೆಲಸ ತೀರುತ್ತದೆ, ಋಣ ತೀರುತ್ತದೆ. ಅಂತೆಯೇ ಬಾಳೂ ತೀರುತ್ತದೆ. ‘ಎಕ್ಸ್‌ಪೈರ್’ ಎಂದರೆ ಉಸಿರನ್ನು ಹೊರಗೆ ಬಿಡು ಎಂದು. ಚೇತನವಾಚಕವಾದ ‘ಸ್ಪಿರಿಟ್’ ಎಂಬುದೂ ಉಸಿರಿನ ಇದೇ ಧಾತುವಿನಿಂದ ಆದುದು. ನಮ್ಮ ‘ಅಸುನೀಗು’ ಎಂಬ ಪ್ರಯೋಗವೂ ಇದೇ ಅರ್ಥದ್ದು. ಅಸು ಎಂದರೆ ಪ್ರಾಣ, ನೀಗು ಎಂದರೆ ತೊರೆ. ಆದರೆ ಔಷಧಿಯ ಸೀಸೆಗಳಿಗೂ ಪರವಾನಗಿಗಳಿಗೂ ಅವಧಿ ಮುಗಿಯಿತೆಂದು ಹೇಳಲು ಬಳಸಿ ಬಳಸಿ ಇಂಗ್ಲಿಷ್ ಪದ ಸವೆದುಹೋಗಿದೆ. ಅದನ್ನು ಹಿರಿಯರ ವಿಷಯದಲ್ಲಿ ಬರೆಯುವಾಗ ಈ ಸವಕಲುತನ ನೆನಪಿರಬೇಕು.

‘ಆಬಿಚುಅರಿ’ ಎಂಬುದು ಇವೆಲ್ಲಕ್ಕಿಂತ ಗಂಭೀರವಾದುದು. ಲ್ಯಾಟಿನ್ನಿನಲ್ಲಿ ‘ಒಬ್’ ಎಂದರೆ ಎದುರಾಗಿ, ‘ಈರೆ’ ಎಂದರೆ ಹೋಗು; ಮರಣಕ್ಕೆ ಎದುರಾಗಿ ನಡೆದುಹೋಗುವುದೇ ಇದರ ಭಾವ. ಲ್ಯಾಟಿನ್ನಿನ ಈ ‘ಈರೆ’ಯೂ ಸಂಸ್ಕೃತದ ‘ಇ’ ಧಾತುವೂ ಒಂದೇ ಮೂಲದವು. ಅದೇ ಧಾತುವಿಗೆ ‘ಪ್ರ’ ಉಪಸರ್ಗ ಸೇರಿ ‘ಪ್ರೇತ’ ಎಂಬ ಪದವಾಯಿತು. ನಾವು ಭಯದಿಂದ ಉಚ್ಚರಿಸುವ ಈ ಪದಕ್ಕೆ ‘ಮುಂದೆ ಹೋದವನು’ ಎಂಬುದಷ್ಟೇ ಧಾತ್ವರ್ಥ. ಮಧ್ಯಯುಗದ ಯೂರೋಪಿನ ಮಠಗಳಲ್ಲಿ, ಗತಿಸಿದ ಸನ್ಯಾಸಿಗಳ ಮತ್ತು ದಾನಿಗಳ ಹೆಸರುಗಳನ್ನು ಅವರವರ ಮರಣದ ತಾರೀಖಿನಲ್ಲಿ ಬರೆದಿಡುತ್ತಿದ್ದ ಪುಸ್ತಕಕ್ಕೆ ಇದೇ ಹೆಸರಿತ್ತು. ಆಯಾ ದಿನ ಆ ಹೆಸರನ್ನೋದಿ ಪ್ರಾರ್ಥನೆ ಸಲ್ಲಿಸುತ್ತಿದ್ದರು. ಲಂಡನ್ನಿನಲ್ಲಿ 1731ರಲ್ಲಿ ಆರಂಭವಾದ ಜೆಂಟಲ್‌ಮನ್ಸ್ ಮ್ಯಾಗಜೀನ್ ಮೊದಲಾದ ನಿಯತಕಾಲಿಕಗಳು ಮರಣವಾರ್ತೆಗಳನ್ನು ಪ್ರಕಟಿಸತೊಡಗಿದ ಮೇಲೆ, ಮಠದ ಸ್ಮರಣೆಯ ಪುಸ್ತಕದ ಹೆಸರು ಪತ್ರಿಕೆಯ ಅಂಕಣಕ್ಕೆ ಬಂದಿತು.

‘ಮಾರ್ಟಲ್’ ಎಂಬುದನ್ನು ನಾವು ನಮ್ಮದೆಂದೇ ಗುರುತಿಸಬಹುದು. ಸಂಸ್ಕೃತದ ‘ಮೃ’ ಧಾತುವಿನಿಂದ ಮೃತ, ಮೃತ್ಯು, ಮರ್ತ್ಯ, ಅಮೃತ. ಅದರ ಸಹೋದರ ಧಾತುವಿನಿಂದ ಲ್ಯಾಟಿನ್ನಿನ ‘ಮೊರ್ಸ್’, ಕೊಲೆಯೆಂಬರ್ಥದ ಇಂಗ್ಲಿಷಿನ ‘ಮರ್ಡರ್’, ದೇವತೆಗಳ ಆಹಾರವೆಂದು ಗ್ರೀಕರು ಹೇಳುವ ‘ಆಂಬ್ರೋಸಿಯ’. ಈ ಭಾಷೆಗಳ ಬಾಂಧವ್ಯವನ್ನು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಉಪನ್ಯಾಸದಲ್ಲಿ ಸಾರಿದರು. ನಮ್ಮ ‘ಸಾವು’ ಈ ಬಳಗಕ್ಕೆ ಸೇರಿದುದಲ್ಲ. ಅದು ತಮಿಳು, ತೆಲುಗುಗಳ ಒಡನಾಡಿಯಾದ ದ್ರಾವಿಡ ಶಬ್ದ. ಇನ್ನು ‘ಸೆಮಿಟರಿ’ ಎಂಬುದು ಮಲಗುವ ಸ್ಥಳವೆಂಬರ್ಥದ ಗ್ರೀಕ್ ಪದ. ಸತ್ತವರು ಮರಳಿ ಏಳುವರೆಂಬ ನಂಬಿಕೆಯುಳ್ಳ ಕ್ರೈಸ್ತರು ಹೂಳುವ ನೆಲವನ್ನು ನಿದ್ರಾಸ್ಥಾನವೆಂದು ಕರೆದರು. ನಾವೂ ಭೂಮಿಯಲ್ಲಿಯೇ ಇರಿಸುತ್ತೇವೆ. ಆದರೆ ಮಲಗಿಸುವುದಿಲ್ಲ, ಇಷ್ಟಲಿಂಗಸಹಿತವಾಗಿ ಕುಳ್ಳಿರಿಸುತ್ತೇವೆ. ಆ ಸ್ಥಳವನ್ನು ನಾವು ಕರೆಯುವ ‘ಸಮಾಧಿ’ ಎಂಬ ಹೆಸರು ನಿದ್ರೆಯನ್ನಲ್ಲ, ಚಿತ್ತವು ಒಂದೆಡೆ ನೆಲೆಗೊಂಡ ಎಚ್ಚರವನ್ನು ಸೂಚಿಸುತ್ತದೆ. ಒಂದೇ ನೆಲಕ್ಕೆ ಇಟ್ಟ ಎರಡು ಹೆಸರುಗಳಲ್ಲಿ ಎರಡು ಶ್ರದ್ಧೆಗಳು ಅಡಗಿವೆ.

ಇಷ್ಟನ್ನು ಒಟ್ಟುಗೂಡಿಸಿ ನೋಡಿದರೆ ಆಂಗ್ಲರ ಶಿಷ್ಟಪದಗಳಲ್ಲಿ ಕಾಣುವ ಭಾವಗಳು ಐದು: ಹೊರಟುಹೋಗುವುದು, ವಹಿಸಿಕೊಡುವುದು, ಮುಗಿಸುವುದು, ಉಸಿರು ಬಿಡುವುದು, ಎದುರಾಗಿ ನಡೆಯುವುದು. ‘ಲಿಂಗೈಕ್ಯ’ವೆಂಬ ನಮ್ಮ ಪದದಲ್ಲಿ ಇವು ಯಾವುವೂ ಇಲ್ಲ. ಲಿಂಗ, ಐಕ್ಯ ಎಂಬೆರಡು ಶಬ್ದಗಳು ವೃದ್ಧಿಸಂಧಿಯಿಂದ ಕೂಡಿ ಆದ ಈ ಪದ ಹೇಳುವುದು ಕೂಡುವುದನ್ನು, ಒಂದಾಗುವುದನ್ನು. ಮೇಲಾಗಿ ಐಕ್ಯವು ಷಟ್‌ಸ್ಥಲಗಳಲ್ಲಿ ಆರನೆಯದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಮೆಟ್ಟಿಲುಗಳನ್ನೇರಿದವನಿಗೆ ದೇಹವಿರುವಾಗಲೇ ಸಾಧ್ಯವಾಗುವ ನಿಲವು ಅದು. ಆದ್ದರಿಂದ ಅದು ಮರಣದ ಪರ್ಯಾಯಪದವೇ ಅಲ್ಲ; ಗತಿಸಿದವರಿಗೆ ಅದನ್ನು ಹೇಳುವಾಗ ನಾವು ಅವರ ಸಾಧನೆಯ ಬಗೆಗೆ ಒಂದು ಸಾಕ್ಷ್ಯವನ್ನು ನುಡಿಯುತ್ತಿದ್ದೇವೆ.

ಹೀಗಿರಲು, ಲಿಂಗೈಕ್ಯಕ್ಕೆ ಸಂವಾದಿಯಾಗಿ ‘ಡಿಮೈಸ್’ ಎಂದು ಬರೆಯುವುದು ಎಷ್ಟರಮಟ್ಟಿಗೆ ಯುಕ್ತ? ಮಠಾಧಿಪತಿಗಳೊಬ್ಬರ ಅಧಿಕಾರವು ಉತ್ತರಾಧಿಕಾರಿಗಳಿಗೆ ಸಂದಿತೆಂಬುದನ್ನು ಹೇಳಬೇಕಾದರೆ ಆ ಪದಕ್ಕೆ ಎಡೆಯುಂಟು. ಆಗಲೂ ಅದು ಪೀಠದ ವಿಷಯವನ್ನು ಹೇಳುತ್ತದೆಯೇ ಹೊರತು ಪೀಠದಲ್ಲಿದ್ದವರ ವಿಷಯವನ್ನಲ್ಲ. ತನ್ನದೆಂಬುದನ್ನು ಇಟ್ಟುಕೊಳ್ಳದ ವಿರಕ್ತರ ಅಂತ್ಯವನ್ನು ಆಸ್ತಿಯ ಹಸ್ತಾಂತರದ ಪದದಿಂದ ಸೂಚಿಸುವುದು ವಿಪರ್ಯಾಸವೇ ಸರಿ. ಕಚೇರಿಯ ಅರ್ಜಿಗೆ ‘ಡಿಸೀಸ್ಡ್’ ಸಾಕು. ಸಾಮಾನ್ಯವಾದ ವಾರ್ತೆಗೆ ‘ಡೈಡ್’ ಎಂಬ ನೇರವಾದ ಪದದಲ್ಲಿ ಅಗೌರವವೇನೂ ಇಲ್ಲ. ಲಿಂಗೈಕ್ಯವನ್ನು ಹೇಳಬೇಕಾದಲ್ಲಿ ಆ ಪದವನ್ನೇ ಇಂಗ್ಲಿಷಿನಲ್ಲಿಯೂ ಇಟ್ಟು, ಲಿಂಗದೊಡನೆ ಒಂದಾಗುವುದು ಎಂಬ ಅರ್ಥವನ್ನು ಒಂದು ವಾಕ್ಯದಲ್ಲಿ ತಿಳಿಸುವುದು ಮೇಲು. ದೀಪ ನಂದುವುದೆಂಬ ಮೂಲಾರ್ಥದ ‘ನಿರ್ವಾಣ’ವನ್ನು ಇಂಗ್ಲಿಷ್ ನಿಘಂಟುಗಳು ಸ್ವೀಕರಿಸಿವೆ, ಗ್ರೀಕ್, ಲ್ಯಾಟಿನ್, ಫ್ರೆಂಚ್ ಪದಗಳಿಂದಲೇ ತನ್ನ ಶಿಷ್ಟತೆಯನ್ನು ಕಟ್ಟಿಕೊಂಡ ಆ ಭಾಷೆ ನಮ್ಮ ಪದವೊಂದಕ್ಕೂ ಸ್ಥಳ ಕೊಡಬಲ್ಲುದು. ಆದರೆ ಅದಕ್ಕೆ ಮೊದಲು ನಾವು ಆ ಪದವನ್ನು ಅದರ ತೂಕವರಿತು ಬಳಸಬೇಕು. ರೂಢಿಯೆಂದು ಎಲ್ಲ ಪ್ರಕಟಣೆಗಳ ತಲೆಗೂ ಅದನ್ನು ಅಂಟಿಸುತ್ತ ಹೋದರೆ, ಔಷಧಿಯ ಸೀಸೆಗೆ ಇಳಿದ ಇಂಗ್ಲಿಷ್ ಪದದಂತೆ ನಮ್ಮದೂ ಸವೆದುಹೋದೀತು.