ನೆಲವನ್ನರಿತ ಕಟ್ಟಡ

ಅಲಂಕಾರವನ್ನು ತೊರೆದು, ಪ್ರಯೋಜನವನ್ನೇ ಪ್ರಧಾನವಾಗಿಟ್ಟುಕೊಂಡು, ಕಾಂಕ್ರೀಟು, ಉಕ್ಕು, ಗಾಜುಗಳಿಂದ ಕಟ್ಟುವ ಕ್ರಮವನ್ನು ಸ್ಥೂಲವಾಗಿ ಆಧುನಿಕ ವಾಸ್ತುಶಿಲ್ಪವೆನ್ನಬಹುದು. ಇಂತಹ ಕಟ್ಟಡ ಎಲ್ಲಿ ನಿಂತರೂ ಒಂದೇ ತೆರನಾಗಿರುವುದೆಂಬ ಆಕ್ಷೇಪಕ್ಕೆ ಪರಿಹಾರವಾಗಿ ಅನೇಕರಿಗೆ ಥಟ್ಟನೆ ಹೊಳೆಯುವುದು, ಹಳೆಯ ಗೋಪುರವನ್ನೋ ಕಮಾನನ್ನೋ ತಂದು ಹೊಸ ಗೋಡೆಗೆ ಜೋಡಿಸುವ ಉಪಾಯ. ಈ ಭ್ರಮೆಯನ್ನು ಕಳೆದುಕೊಳ್ಳಬೇಕೆನ್ನುವವರು ಅಹಮದಾಬಾದಿಗೆ ಹೋಗಬೇಕು.

ಅಲ್ಲಿಯ ಗಿರಣಿ ಮಾಲೀಕರ ಸಂಘಕ್ಕಾಗಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1954ರಲ್ಲಿ ಸಾಬರಮತಿಯ ದಂಡೆಯಲ್ಲಿ ನಿರ್ಮಿಸಿದ ಭವನದ ಮೇಲೆ ಗುಜರಾತಿನ ಹಳೆಯ ಕೆತ್ತನೆಗಳಿಲ್ಲ. ಆದರೆ ಪಶ್ಚಿಮದ ಬೀದಿಯ ಕಡೆಗೆ ಕಾಂಕ್ರೀಟಿನ ಫಲಕಗಳು ಓರೆಯಾಗಿ ನಿಂತು ಇಳಿಬಿಸಿಲನ್ನು ತಡೆಯುತ್ತವೆ. ಪೂರ್ವದ ನದಿಯ ಕಡೆಗೆ ನೇರವಾಗಿ ನಿಂತು ಗಾಳಿಗೂ ನೋಟಕ್ಕೂ ಎಡೆಗೊಡುತ್ತವೆ. ಅದೇ ನಗರದ ಗಾಂಧೀಜಿಯವರ ಸಾಬರಮತಿ ಆಶ್ರಮದಲ್ಲಿ 1963ರಲ್ಲಿ ಚಾರ್ಲ್ಸ್ ಕೊರಿಯ ಪೂರ್ಣಗೊಳಿಸಿದ ಗಾಂಧಿ ಸಂಗ್ರಹಾಲಯವಾದರೋ ಆರು ಮೀಟರು ಚೌಕದ ಹೆಂಚಿನ ಮಂಟಪಗಳ ಸಮೂಹ. ಅಪರಿಗ್ರಹದ ಅರ್ಥವನ್ನು ಅಲ್ಲಿಯ ಮಿತವಾದ ಅಳತೆಯೇ ಹೇಳುತ್ತದೆ.

ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಎಳೆಯುವುದು ಬಾಲಕೃಷ್ಣ ದೋಶಿಯವರು 1980ರಲ್ಲಿ ತಮ್ಮ ಕಾರ್ಯಾಲಯವಾಗಿ ಕಟ್ಟಿದ ಸಂಗಾಥದ ಕಡೆಗೆ. ಅಲ್ಲಿ ಬಿಸಿಲು ಮೂರು ಹಂತಗಳಲ್ಲಿ ಸೋಲುವ ಬಗೆಯನ್ನು ವಾಚಕರು ಸಾವಧಾನವಾಗಿ ಗಮನಿಸಬೇಕು. ಕಮಾನು ಛಾವಣಿಯ ಹೊರಮೈಗೆ ಹಚ್ಚಿದ ಬಿಳಿಯ ಪಿಂಗಾಣಿಯ ಚೂರುಗಳು ಬಿಸಿಲನ್ನು ಬಹುಮಟ್ಟಿಗೆ ಹಿಂದಕ್ಕೆ ಕಳುಹಿಸುತ್ತವೆ. ಉಳಿದ ಕಾವು ಒಳಗಿಳಿಯಹೊರಟರೆ, ಛಾವಣಿಯ ಪದರಗಳ ನಡುವೆ ಹುದುಗಿಸಿದ ಟೊಳ್ಳು ಮಣ್ಣಿನ ಕೊಳವೆಗಳಲ್ಲಿ ಸೆರೆಯಾದ ನಿಶ್ಚಲ ವಾಯುವು, ಕಂಬಳಿಯು ಚಳಿಯನ್ನು ತಡೆಯುವಂತೆ, ಅದನ್ನು ತಡೆಯುತ್ತದೆ. ಕಡೆಗೆ, ಭಾಗಶಃ ನೆಲದೊಳಕ್ಕಿಳಿದ ಕೊಠಡಿಗಳನ್ನು, ಬೇಗ ಕಾಯದ ಸ್ವಭಾವದ ಮಣ್ಣು ತಂಪಾಗಿಡುತ್ತದೆ. ಮಳೆ ಬಂದರೆ ಅದೇ ಛಾವಣಿಯ ಇಳುಕಲು ನೀರನ್ನು ಅಂಗಳದ ಕಾಲುವೆಗಳಿಗೆ ಹರಿಸುವುದು. ನಗರದ ಸಮೀಪದ ಅಡಾಲಜದಲ್ಲಿ 1499ರ ಮೆಟ್ಟಿಲುಬಾವಿಯನ್ನು ಇಳಿದವರಿಗೆ ನೆಲದಡಿಯ ಈ ತಂಪು ಪರಿಚಿತವೇ. ಐದು ಶತಮಾನಗಳ ಅಂತರದಲ್ಲಿ ಎಂತಹ ಸೊಗಸಾದ ಬಾಂಧವ್ಯ!

ಇದೇ ದೋಶಿಯವರು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಆವರಣವನ್ನು ಕಲ್ಪಿಸಿದಾಗ ಮಣ್ಣಿನೊಳಗೆ ಆಶ್ರಯವನ್ನರಸಲಿಲ್ಲ. ಇಲ್ಲಿಯ ಹವೆ ಸೌಮ್ಯವಾದುದರಿಂದ, ಸ್ಥಳೀಯ ಬೂದುಬಣ್ಣದ ಗ್ರಾನೈಟ್ ಶಿಲೆಯ ಗೋಡೆಗಳ ನಡುವೆ ದೀರ್ಘವಾದ ಮೊಗಸಾಲೆಗಳು ಕೆಲವೆಡೆ ಆಕಾಶಕ್ಕೇ ತೆರೆದುಕೊಂಡು, ತರಗತಿಯ ಚರ್ಚೆ ಹೊರಗೂ ಮುಂದುವರಿಯಲು ಅವಕಾಶಮಾಡಿಕೊಟ್ಟವು. ಶಿಲ್ಪಿ ಒಬ್ಬರೇ, ವಿವೇಕವೂ ಒಂದೇ. ನೆಲ ಬೇರೆಯಾದುದರಿಂದ ರೂಪ ಬೇರೆಯಾಯಿತು.

ಸಾರಾಂಶವಿಷ್ಟೆ: ಸೂರ್ಯನಿಗೂ ಗಾಳಿಗೂ ಶಿಲೆಗೂ ಜನರ ನಡೆನುಡಿಗೂ ಕಟ್ಟಡವು ಕೊಡುವ ಉತ್ತರದಲ್ಲಿಯೇ ಅದರ ಸ್ಥಳೀಯತೆ ಅಡಗಿದೆ. ಇಂತಹ ಉತ್ತರಗಳು ನಮ್ಮ ತೊಟ್ಟಿಮನೆಗಳಲ್ಲಿಯೂ, ಬಯಲುಸೀಮೆಯ ಮಣ್ಣಿನ ಮಾಳಿಗೆಗಳಲ್ಲಿಯೂ ಹೇರಳವಾಗಿ ಉಂಟು. ಅವು ಬಿದ್ದುಹೋಗುವ ಮುನ್ನ ನಮ್ಮ ವಿದ್ಯಾರ್ಥಿಗಳು ಅಳತೆಯ ಪಟ್ಟಿಯನ್ನು ಹಿಡಿದು ಹೊರಡಬೇಕು. ನಕ್ಷೆಯನ್ನು ಬರೆಯುವುದಲ್ಲದೆ, ನೆರಳು ಎಲ್ಲಿ ಬೀಳುವುದು, ಗಾಳಿ ಎಲ್ಲಿಂದ ಸುಳಿಯುವುದು, ಮಳೆಯ ನೀರು ಎತ್ತ ಹರಿಯುವುದು ಎಂಬುದನ್ನು ಋತುವಿಂದ ಋತುವಿಗೆ ದಾಖಲಿಸಬೇಕು. ಆ ದಾಖಲೆಗಳು ಕನ್ನಡದಲ್ಲಿಯೇ ಪ್ರಕಟವಾದರೆ, ಮನೆ ಕಟ್ಟುವ ಪ್ರತಿಯೊಬ್ಬ ಗೃಹಸ್ಥನಿಗೂ ಅವು ಉಪಯುಕ್ತವಾಗುವುವು.